ಜಾರಿದ ಲೇಖನಿ

1988ರ ಆಷಾಢ ಮಾಸ. ಮಲೆನಾಡಿನ ಮಳೆ ಹೆಂಚಿನ ಮೇಲೆ ಸುರಿಯುತ್ತಿರುವಾಗ ಉಪಾಧ್ಯಾಯನ ದನಿ ತರಗತಿಯ ಹಿಂದಿನ ಸಾಲನ್ನು ಮುಟ್ಟುವುದು ಸುಲಭವಲ್ಲ. ನಾನಾಗ ಶಿವಮೊಗ್ಗ ಜಿಲ್ಲೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಐದನೆಯ ತರಗತಿಗೆ ಗಂಟಲು ಹರಿಯುವಂತೆ ಉಕ್ತಲೇಖನ ಹೇಳುತ್ತಿದ್ದಾಗ ಎರಡನೆಯ ಸಾಲಿನ ಹುಡುಗನೊಬ್ಬನ ಕೈಯಿಂದ ಲೇಖನಿ ಜಾರಿ ಬಿತ್ತು. ಎತ್ತಿಕೊಂಡ, ಮತ್ತೆ ಬಿತ್ತು. ಮೂರನೆಯ ಸಲ ಬಿದ್ದಾಗ ನಾನು ಅವನ ಬಳಿಗೆ ಹೋಗಿ ನಿಂತೆ.

“ಏನೋ ಅದು?”

“ಕೈಗೆ ಜೋಮು ಹಿಡಿದಿದೆ ಸಾರ್.”

ಉಕ್ತಲೇಖನ ತಪ್ಪಿಸಿಕೊಳ್ಳಲು ಮಕ್ಕಳು ಹೂಡುವ ಉಪಾಯಗಳು ಯಾವ ಉಪಾಧ್ಯಾಯನಿಗೂ ಹೊಸತಲ್ಲ. ಹೊಟ್ಟೆನೋವು, ಮಸಿ ಮುಗಿದದ್ದು, ಪುಸ್ತಕ ಮಳೆಯಲ್ಲಿ ನೆನೆದದ್ದು. ಈ ಪಟ್ಟಿಗೆ ಜೋಮೂ ಒಂದು ಸೇರಿತೆಂದು ತಿಳಿದು ಗದರಿಸಿದೆ. ನನ್ನ ಗದರಿಕೆಗೆ ಆ ಶಾಲೆಯಲ್ಲಿ ಸಾಕಷ್ಟು ಖ್ಯಾತಿಯಿತ್ತು. ಹುಡುಗ ಬಿಕ್ಕಿ ಬಿಕ್ಕಿ ಅಳತೊಡಗಿದ. ಅಳುತ್ತಿದ್ದಂತೆಯೇ ಅವನ ಬಾಯಿ ಒಂದು ಕಡೆಗೆ ವಾಲಿತು. ಬಲತೋಳು ಒದ್ದೆ ಬಟ್ಟೆಯಂತೆ ಜೋತುಬಿದ್ದಿತು. ಏನನ್ನೋ ಹೇಳಹೋದವನ ಮಾತು ತೊದಲಿ ಅರ್ಥವಿಲ್ಲದ ಸದ್ದಾಯಿತು. “ನಾಟಕ ಸಾಕು” ಎಂದೆ. ಈ ಎರಡು ಶಬ್ದಗಳನ್ನು ಇಂದು ಬರೆಯುವಾಗಲೂ ಕೈ ಹಿಂಜರಿಯುತ್ತದೆ. ಕಾಲು ಗಂಟೆಯೊಳಗೆ ಹುಡುಗ ಸರಿಹೋದ, ಲೇಖನಿ ಹಿಡಿದ, ಬರೆದ. ನನ್ನ ತೀರ್ಮಾನ ಗಟ್ಟಿಯಾಯಿತು. ಕಾಲು ಗಂಟೆಯಲ್ಲಿ ಬಿಟ್ಟುಹೋಗುವುದು ರೋಗವಾಗಲಾರದಷ್ಟೆ!

ಅವನ ತಂದೆ ಬಸ್ಸು ನಿಲ್ದಾಣದ ಎದುರಿಗೆ ಕಾಫಿ ತಿಂಡಿಯ ಪುಟ್ಟ ಹೋಟೆಲು ನಡೆಸುತ್ತಿದ್ದರು. ಬೆಳಿಗ್ಗೆ ಹೋಟೆಲಿನ ಒಲೆ ಹೊತ್ತಿಸುವ ಕೆಲಸ ಹುಡುಗನದು. ಮಳೆಗಾಲದ ಹಸಿ ಸೌದೆ ಊದುಗೊಳವೆಗೆ ಅಷ್ಟು ಬೇಗ ಮಣಿಯುವುದಿಲ್ಲ. ಕಣ್ಣು ಕೆಂಪಾಗುವವರೆಗೆ ಊದಬೇಕು. ಶ್ರಾವಣದ ಒಂದು ಬೆಳಿಗ್ಗೆ ಹಾಗೆ ಊದುತ್ತಿದ್ದವನು ಒಲೆಯ ಮುಂದೆಯೇ ಕುಸಿದ. ಈ ಸಲ ಕಾಲು ಗಂಟೆಯಲ್ಲಿ ಏಳಲಿಲ್ಲ. ಒಂದು ದಿನ ಕಳೆದರೂ ಬಲಗೈ ಬಲಗಾಲು ಮಿಸುಕಲಿಲ್ಲ, ಮಾತು ಹೊರಡಲಿಲ್ಲ.

ಅಜ್ಜಿ ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸಿದರು. ಸ್ಥಳದ ವೈದ್ಯರು ನಿಶ್ಶಕ್ತಿಯೆಂದು ಟಾನಿಕ್ಕು ಬರೆದುಕೊಟ್ಟರು. ತಂದೆ ಅಂಜುತ್ತಂಜುತ್ತ “ಲಕ್ವ ಏನಾದರೂ ಇರಬಹುದೇ?” ಎಂದು ಕೇಳಿದ್ದಕ್ಕೆ ಅವರು ನಕ್ಕು, “ಹತ್ತು ವರ್ಷದ ಹುಡುಗನಿಗೆ ಲಕ್ವ ಹೊಡೆಯುವುದುಂಟೇ?” ಎಂದರಂತೆ. ಅಜ್ಜಿಯನ್ನಾಗಲಿ ವೈದ್ಯರನ್ನಾಗಲಿ ಹಾಸ್ಯ ಮಾಡುವ ಹಕ್ಕು ನನಗಿಲ್ಲ. ಇಪ್ಪತ್ತು ದಿನ ಮೊದಲೇ ಕಣ್ಣಾರೆ ಕಂಡದ್ದನ್ನು ನಾಟಕವೆಂದವನು ನಾನು.

ಐದನೆಯ ದಿನ ಅವನನ್ನು ಬೆಂಗಳೂರಿಗೆ ಕರೆದೊಯ್ದರು. ತಂದೆಗೆ ಆ ಊರು ಹೊಸದೆಂದು ನಾನೂ ಜೊತೆಗೆ ಹೊರಟೆ. ಹೊರಡಲು ಅದೊಂದೇ ಕಾರಣವಲ್ಲವೆಂಬುದನ್ನು ವಾಚಕರು ಊಹಿಸಬಲ್ಲರು. ಅಲ್ಲಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಹುಡುಗನನ್ನು ನೋಡಿದ ತರುಣ ವೈದ್ಯರು ನಾವು ನಿರೀಕ್ಷಿಸದಿದ್ದ ಪ್ರಶ್ನೆಯೊಂದನ್ನು ಹಾಕಿದರು: “ಕೈ ಸೋಲುವುದಕ್ಕೆ ಮುಂಚೆ ಇವನು ಏನು ಮಾಡುತ್ತಿದ್ದ? ಓಡುತ್ತಿದ್ದನೆ, ಅಳುತ್ತಿದ್ದನೆ, ಏನನ್ನಾದರೂ ಊದುತ್ತಿದ್ದನೆ?” ತಂದೆ ಊದುಗೊಳವೆಯ ವಿಷಯ ಹೇಳಿದರು. ಬಿಸಿ ಗಂಜಿಯನ್ನು ಊದಿ ಊದಿ ಕುಡಿಯುವಾಗ ಎರಡು ಮೂರು ಸಲ ಚಮಚ ಜಾರಿದ್ದು ತಾಯಿಗೆ ನೆನಪಾಯಿತು. ಅಳುವಿನ ಸಂಗತಿಯನ್ನು ನಾನು ಹೇಳಿದೆ. ಅಳಿಸಿದವರು ಯಾರೆಂದು ಹೇಳಲಿಲ್ಲ.

ಕೊರಳಿನ ಎರಡು ಪಕ್ಕಗಳಲ್ಲಿ ಮೆದುಳಿಗೆ ರಕ್ತವನ್ನೊಯ್ಯುವ ಎರಡು ದೊಡ್ಡ ಅಪಧಮನಿಗಳುಂಟು. ಅವು ತಲೆಬುರುಡೆಯೊಳಗೆ ಹೊಕ್ಕು ಕವಲೊಡೆಯುವ ಜಾಗದಲ್ಲಿ ಕೆಲವು ಮಕ್ಕಳಿಗೆ ನಾಳದ ಗೋಡೆ ಒಳಮುಖವಾಗಿ ದಪ್ಪನಾಗುತ್ತ, ದಾರಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಬರುತ್ತದೆ. ಹೆದ್ದಾರಿ ಮುಚ್ಚಿದರೆ ಜನ ಕಾಲುದಾರಿ ಮಾಡಿಕೊಳ್ಳುವಂತೆ ಮೆದುಳಿನ ತಳದಲ್ಲಿ ನೂರಾರು ಕೂದಲೆಳೆಯಂಥ ನಾಳಗಳು ಹಬ್ಬಿಕೊಳ್ಳುತ್ತವೆ. ರಕ್ತನಾಳಕ್ಕೆ ಔಷಧ ಚುಚ್ಚಿ ತೆಗೆದ ಕ್ಷಕಿರಣ ಚಿತ್ರದಲ್ಲಿ ಈ ಜಾಲ ಸಿಗರೇಟಿನ ಹೊಗೆ ಗಾಳಿಯಲ್ಲಿ ಕದಡಿದಂತೆ ಕಾಣುತ್ತದೆ. ಜಪಾನಿನ ವೈದ್ಯರು 1957ರಲ್ಲಿ ಈ ರೋಗವನ್ನು ಮೊದಲು ವರ್ಣಿಸಿದರು. 1969ರಲ್ಲಿ ಸುಜುಕಿ ಮತ್ತು ತಾಕಾಕು ಎಂಬಿಬ್ಬರು ಹೊಗೆಯ ಹೋಲಿಕೆಯಿಂದಲೇ ಅದಕ್ಕೆ ‘ಮೋಯಾಮೋಯಾ’ ಎಂಬ ತಮ್ಮ ಭಾಷೆಯ ಹೆಸರನ್ನಿಟ್ಟರು. ನಮ್ಮ ಹುಡುಗನ ಚಿತ್ರವನ್ನು ಆ ವೈದ್ಯರು ಬೆಳಕಿಗೆ ಹಿಡಿದು ತೋರಿಸಿದಾಗ ನನಗೆ ಕಂಡದ್ದೂ ಹೊಗೆಯೇ. ಹಸಿ ಸೌದೆಯ ಒಲೆಯಿಂದೇಳುವಂಥದು.

ಊದುವುದಕ್ಕೂ ಅಳುವುದಕ್ಕೂ ಇಲ್ಲೇನು ಸಂಬಂಧ? ನಾವು ಜೋರಾಗಿ ಉಸಿರಾಡಿದಾಗ ರಕ್ತದಲ್ಲಿರುವ ಇಂಗಾಲಾಮ್ಲ ವಾಯು ಹೆಚ್ಚು ಹೆಚ್ಚಾಗಿ ಹೊರಹೋಗಿಬಿಡುತ್ತದೆ. ಅದು ಕಡಮೆಯಾದರೆ ಮೆದುಳಿನ ರಕ್ತನಾಳಗಳು ಸಂಕುಚಿಸುತ್ತವೆ. ಆರೋಗ್ಯವಂತನಿಗೆ ತಲೆ ತಿರುಗಿದಂತಾದೀತು, ಅಷ್ಟೆ. ಮೊದಲೇ ಅರೆಹೊಟ್ಟೆಯಲ್ಲಿರುವ ಮೆದುಳಿನ ಭಾಗಕ್ಕೆ ಅದು ಉಪವಾಸ. ಉಸಿರು ಶಾಂತವಾದರೆ ರಕ್ತ ಮತ್ತೆ ಹರಿಯುತ್ತದೆ, ಕೈ ಏಳುತ್ತದೆ, ನೋಡಿದವರು ನಾಟಕವೆನ್ನುತ್ತಾರೆ. ಜಪಾನಿನಲ್ಲಿ ಮಕ್ಕಳು ಬಿಸಿ ಶಾವಿಗೆಯನ್ನು ಊದಿ ತಿನ್ನುವಾಗ, ಹಾರ್ಮೋನಿಕ ನುಡಿಸುವಾಗ ಹೀಗಾಗುವುದನ್ನು ವೈದ್ಯರು ಎಷ್ಟೋ ಸಲ ಗುರುತಿಸಿದ್ದಾರೆ. ನಮ್ಮಲ್ಲಿ ಅದು ಊದುಗೊಳವೆಯಾಯಿತು. ಚರಕ ಸಂಹಿತೆ ಅರ್ಧಾಂಗ ಸೋಲುವ ರೋಗವನ್ನು ವಾತವ್ಯಾಧಿಗಳ ಸಾಲಿನಲ್ಲಿ ಸೇರಿಸಿದೆ, ಕನ್ನಡದ ‘ಪಾರ್ಶ್ವವಾಯು’ವಿನಲ್ಲಿ ವಾಯುವಿದೆ, ಅಜ್ಜಿಯ ಮಾತಿನಲ್ಲಿ ಗಾಳಿಯಿತ್ತು. ಶಾಸ್ತ್ರಾರ್ಥ ಬೇರೆ, ಸರಿ. ಆದರೂ ಆ ಮನೆಯಲ್ಲಿ ಗಾಳಿಯನ್ನು ಮೊದಲು ಶಂಕಿಸಿದವರು ಅಜ್ಜಿಯೇ ಎಂಬುದನ್ನು ನಾನು ಮರೆಯಲಾರೆ.

ಅಂದಿನಿಂದ ಈ ವಿಷಯದ ಬಗೆಗೆ ಸಿಕ್ಕಿದ್ದನ್ನೆಲ್ಲ ಓದುವುದು ನನಗೊಂದು ವ್ರತವಾಯಿತು. ವೈದ್ಯನಲ್ಲದವನ ಓದಿಗೆ ಮಿತಿಯುಂಟು. ಆದರೂ ಒಂದು ಸಂಗತಿ ಬೇಗನೆ ತಿಳಿಯಿತು: ಮಕ್ಕಳಿಗೆ ಲಕ್ವ ಹೊಡೆಯುವುದು ಹೊಸ ವಿಷಯವೇ ಅಲ್ಲ. ವಿಲಿಯಂ ಆಸ್ಲರ್ 1889ರಲ್ಲೇ ಮಕ್ಕಳ ಮೆದುಳಿನ ಪಕ್ಷವಾತಗಳ ಮೇಲೆ ಒಂದು ಪುಸ್ತಕ ಬರೆದಿದ್ದ. 1891ರಲ್ಲಿ ವಿಯೆನ್ನಾದಲ್ಲಿ ಅದೇ ವಿಷಯದ ಮೇಲೆ ಗ್ರಂಥ ಪ್ರಕಟಿಸಿದ ಇಬ್ಬರಲ್ಲಿ ಒಬ್ಬ ಆಸ್ಕರ್ ರೀ, ಇನ್ನೊಬ್ಬ ಸಿಗ್ಮಂಡ್ ಫ್ರಾಯ್ಡ್. ಕನಸುಗಳ ಗೂಢಾರ್ಥವನ್ನು ಹುಡುಕಹೊರಡುವ ಮೊದಲು ಈ ಮಹಾಶಯ ಮಕ್ಕಳ ಸೋತ ಕೈಕಾಲುಗಳನ್ನು ಪರೀಕ್ಷಿಸುತ್ತಿದ್ದನೆಂಬುದು ಅವನ ಭಕ್ತರಲ್ಲೂ ಅನೇಕರಿಗೆ ತಿಳಿಯದು.

ರೋಗ ಅಪರೂಪವೆಂಬುದು ನಿಜ. ಬೇರೆ ಬೇರೆ ದೇಶಗಳ ಲೆಕ್ಕದಂತೆ ವರ್ಷಕ್ಕೆ ಒಂದು ಲಕ್ಷ ಮಕ್ಕಳಲ್ಲಿ ಒಂದೆರಡರಿಂದ ಹನ್ನೆರಡು ಹದಿಮೂರರವರೆಗೆ. ಆದರೆ ಹುಟ್ಟುವ ಆಸುಪಾಸಿನಲ್ಲಿ ಇದರ ಸಂಭವ ಬಹಳ ಹೆಚ್ಚು. ಸುಮಾರು 2,000ದಿಂದ 5,000 ಜನನಗಳಿಗೆ ಒಂದು ಎಂಬ ಅಂದಾಜುಂಟು. ಮುದುಕರಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಗೆಸೊಪ್ಪು ಎಂದು ಬೆರಳು ಮಡಿಸಿ ಕಾರಣ ಹೇಳಿಬಿಡಬಹುದು. ಮಕ್ಕಳಲ್ಲಿ ಆ ಬೆರಳೆಣಿಕೆ ನಡೆಯದು. ದೊಡ್ಡವರಲ್ಲಿ ಹತ್ತರಲ್ಲಿ ಎಂಟರಷ್ಟು ಲಕ್ವಗಳು ರಕ್ತನಾಳ ಕಟ್ಟಿಕೊಂಡು ಆಗುವಂಥವು. ಮಕ್ಕಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ನಾಳ ಒಡೆದು ರಕ್ತ ಸೋರಿ ಆಗುವಂಥವು. ಹುಟ್ಟಿನಿಂದಲೇ ಹೃದಯದಲ್ಲಿ ದೋಷವಿರುವ ಮಗು, ಕೀಲುಜ್ವರದಿಂದ ಹೃದಯದ ಕವಾಟ ಕೆಟ್ಟ ಮಗು, ಕ್ಷಯ ಮೆದುಳಿನ ಪೊರೆಗೆ ತಗುಲಿದ ಮಗು, ವಾಂತಿ ಭೇದಿಯಿಂದ ನೀರಾರಿದ ಮಗು, ಇವರೆಲ್ಲ ಅಪಾಯದ ಹಾದಿಯಲ್ಲಿರುವವರು. ಕಬ್ಬಿಣದ ಅಂಶ ಕಡಮೆಯಾದ ರಕ್ತಹೀನತೆಯೂ ಸಾಧುವಲ್ಲ. ಚಿಕನ್‌ಪಾಕ್ಸ್ ಎಂಬ ಸೀತಾಳೆ ಸಿಡುಬು ವಾಸಿಯಾಗಿ ತಿಂಗಳುಗಳಾದ ಮೇಲೂ ಮೆದುಳಿನ ನಾಳಗಳಲ್ಲಿ ಅದರ ಉರಿ ಉಳಿದಿರಬಹುದು. ಸಾಮಾನ್ಯ ನೆಗಡಿ ಜ್ವರದ ಮರುವಾರದಲ್ಲಿ ಅಪಾಯ ಏರುವುದನ್ನೂ, ಲಸಿಕೆಗಳನ್ನು ಸರಿಯಾಗಿ ಹಾಕಿಸದ ಮಕ್ಕಳಲ್ಲಿ ಅದು ಹೆಚ್ಚಿರುವುದನ್ನೂ 2015ರಲ್ಲಿ ಹೊರಬಂದ ಅಂತರರಾಷ್ಟ್ರೀಯ ಅಧ್ಯಯನವೊಂದು ತೋರಿಸಿತು.

ಇವುಗಳಲ್ಲಿ ಒಂದು ಬಗೆ ಭಾರತದಿಂದ ವಿಶೇಷವಾಗಿ ವರದಿಯಾಗಿದೆ. ಇನ್ನೂ ನಡೆ ಕಲಿಯುತ್ತಿರುವ, ಆರರಿಂದ ಹದಿನೆಂಟು ತಿಂಗಳ ಮಗು ಮಂಚದಿಂದಲೋ ಜಗಲಿಯಿಂದಲೋ ಬೀಳುತ್ತದೆ. ಗಾಯವಿಲ್ಲ, ಬುಗುಟೆಯೂ ಇಲ್ಲ. ಕೆಲವು ನಿಮಿಷಗಳಲ್ಲಿ ಅಥವಾ ಗಂಟೆಗಳಲ್ಲಿ ಒಂದು ಪಕ್ಕದ ಕೈಕಾಲು ಸೋಲುತ್ತವೆ. ಮೆದುಳಿನ ಆಳದಲ್ಲಿರುವ ಸಣ್ಣ ನಾಳಗಳ ಗೋಡೆಯಲ್ಲಿ ಸುಣ್ಣದ ಅಂಶ ಕಟ್ಟಿಕೊಂಡಿದ್ದು, ಬಿದ್ದ ಅದುರಿಗೆ ಅವು ಮುಚ್ಚಿಹೋಗಿರುತ್ತವೆ. ಇಂಥ ಮಕ್ಕಳಲ್ಲಿ ಬಹುಮಂದಿ ಚೆನ್ನಾಗಿಯೇ ಚೇತರಿಸಿಕೊಳ್ಳುತ್ತಾರೆಂಬುದು ಸಮಾಧಾನ. ಚೇತರಿಸಿಕೊಳ್ಳದಿರುವುದು ಮನೆಯ ಮಾತು. ಮಗು ಯಾರ ಕೈಯಿಂದ ಬಿತ್ತು, ಯಾವ ಸೊಸೆ ಆ ಹೊತ್ತು ಎಲ್ಲಿದ್ದಳು ಎಂಬ ವಿಚಾರಣೆ ವರ್ಷಗಟ್ಟಲೆ ನಡೆಯುತ್ತದೆ. ಬೀಳದೆ ನಡೆ ಕಲಿತ ಮಗು ಯಾವ ಮನೆಯಲ್ಲುಂಟು?

ತಡೆಯಬಹುದಾದ ಲಕ್ವವೂ ಒಂದಿದೆ. ಅದರ ಮಾತನ್ನು ತುಸು ಬಿಡಿಸಿ ಹೇಳಬೇಕು. ಕೆಲವು ಮಕ್ಕಳ ರಕ್ತಕಣಗಳು ಹುಟ್ಟಿನ ದೋಷದಿಂದ ದುಂಡಗಿರದೆ ಕುಡುಗೋಲಿನಂತೆ ಬಾಗುತ್ತವೆ. ಇದೇ ಸಿಕಲ್ ಸೆಲ್ ರಕ್ತಹೀನತೆ. ಬಾಗಿದ ಕಣಗಳು ನಾಳಗಳ ಗೋಡೆಗಳನ್ನು ಕೆಡಿಸುತ್ತವೆ. ಅಮೆರಿಕದ ಅನುಭವದಂತೆ, ಚಿಕಿತ್ಸೆಯಿಲ್ಲದಿದ್ದಾಗ ಈ ರೋಗದ ತೀವ್ರ ಬಗೆಯಿರುವ ನೂರು ಮಕ್ಕಳಲ್ಲಿ ಹನ್ನೊಂದು ಮಂದಿ ಇಪ್ಪತ್ತು ತುಂಬುವುದರೊಳಗೆ ಲಕ್ವಕ್ಕೆ ಗುರಿಯಾಗುತ್ತಿದ್ದರು. ಕಿರಿದಾದ ನಾಳದಲ್ಲಿ ರಕ್ತ ವೇಗವಾಗಿ ನುಗ್ಗುತ್ತದಷ್ಟೆ. ಕಾಲುವೆಯ ಬಾಯಿಗೆ ಕಲ್ಲಿಟ್ಟರೆ ನೀರು ಭೋರ್ಗರೆಯುವುದನ್ನು ನಮ್ಮ ರೈತ ಬಲ್ಲ. ಶಬ್ದತರಂಗಗಳಿಂದ ಆ ವೇಗವನ್ನು ತಲೆಯ ಹೊರಗಿನಿಂದಲೇ ನೋವಿಲ್ಲದೆ ಅಳೆಯಬಹುದು. ವೇಗ ಸೆಕೆಂಡಿಗೆ 200 ಸೆಂಟಿಮೀಟರ್ ಮುಟ್ಟಿದ ಮಕ್ಕಳಿಗೆ ತಿಂಗಳು ತಿಂಗಳೂ ರಕ್ತ ಕೊಡುತ್ತ ಬಂದರೆ ಲಕ್ವದ ಸಂಭವ ನೂರಕ್ಕೆ 92ರಷ್ಟು ಇಳಿಯುವುದನ್ನು 1998ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಸಿದ್ಧಪಡಿಸಿತು. ವೈದ್ಯಶಾಸ್ತ್ರದಲ್ಲಿ ಇಷ್ಟು ಸ್ಪಷ್ಟವಾದ ಗೆಲವು ಅಪರೂಪ. ನಮಗಿದು ದೂರದ ಸುದ್ದಿಯಲ್ಲ. ನೀಲಗಿರಿಯ ಬುಡಕಟ್ಟುಗಳಲ್ಲಿ ಈ ಕಣಗಳಿರುವುದು 1952ರಲ್ಲೇ ತಿಳಿದಿತ್ತು. ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಕಾಡಂಚಿನ ಹಾಡಿಗಳಲ್ಲೂ ಈ ರೋಗವುಂಟು. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ನಿರ್ಮೂಲನ ಯೋಜನೆಯ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ರಕ್ತ ಪರೀಕ್ಷಿಸಿ ರೋಗವಿದೆಯೆಂದು ಚೀಟಿ ಕೊಡುವುದು ಮೊದಲ ಮೆಟ್ಟಿಲು ಮಾತ್ರ. ಆ ವೇಗವನ್ನು ಅಳೆಯುವ ಯಂತ್ರ ಹಾಡಿಯಿಂದ ಎಷ್ಟು ಬಸ್ಸುಗಳ ದೂರದಲ್ಲಿದೆಯೆಂಬುದೇ ಮುಂದಿನ ಪ್ರಶ್ನೆ.

ಹಸುಗೂಸಿನ ಲಕ್ವ ಇನ್ನೂ ಮೌನಿ. ಹುಟ್ಟಿದ ಒಂದೆರಡು ದಿನಗಳಲ್ಲಿ ಸೆಳವು ಬಂದರೆ ವೈದ್ಯರ ಗಮನ ಸೆಳೆದೀತು. ಬಾರದಿದ್ದರೆ ಮಗು ಸುಖವಾಗಿ ಮನೆಗೆ ಬರುತ್ತದೆ. ನಾಲ್ಕಾರು ತಿಂಗಳಲ್ಲಿ ಗಿಲಕಿಗೆ ಸದಾ ಒಂದೇ ಕೈ ಚಾಚುತ್ತದೆ, ಇನ್ನೊಂದು ಮುಷ್ಟಿ ಬಿಗಿದೇ ಇರುತ್ತದೆ. ಎಡಗೈಯವನೋ ಬಲಗೈಯವನೋ ಎಂಬುದು ಮೊದಲ ವರ್ಷದೊಳಗೆ ತೀರ್ಮಾನವಾಗುವ ಸಂಗತಿಯಲ್ಲ. ಅಷ್ಟು ಬೇಗ ಒಂದು ಕೈ ಹಿಂದೆ ಬಿದ್ದರೆ ಕಾರಣ ಹುಡುಕಬೇಕು. ನವಜಾತರ ಲಕ್ವ ಮೆದುಳಿನ ಎಡಭಾಗಕ್ಕೆ ತಗಲುವುದು ಹೆಚ್ಚು. ಆದುದರಿಂದ ಸೋಲುವುದು ಬಲಗೈ. ಆ ಮಗು ಎಡಗೈಯನ್ನೇ ನೆಚ್ಚುತ್ತದೆ. ನಮ್ಮ ಮನೆಗಳಲ್ಲಿ ಎಡಗೈಗೆ ಇರುವ ಮರ್ಯಾದೆ ಎಲ್ಲರಿಗೂ ಗೊತ್ತು! ಊಟಕ್ಕೆ ಎಡಗೈ ಚಾಚಿದರೆ ಪೆಟ್ಟು, ಬರೆಯಲು ಎತ್ತಿದರೆ ಪೆಟ್ಟು. ನಾನೂ ಕೊಟ್ಟಿದ್ದೇನೆ; ಯಾರಿಗೆ, ಎಷ್ಟು ಎಂದು ನೆನಪಿಲ್ಲ. ವಿಚಿತ್ರವೆಂದರೆ, ಒಳ್ಳೆಯ ಕೈಗೆ ದಿನಕ್ಕೆ ಕೆಲವು ಗಂಟೆ ಕೈಚೀಲ ತೊಡಿಸಿ ಕಟ್ಟಿ, ಸೋತ ಕೈಯಿಂದಲೇ ಆಟವಾಡಿಸಿ ಅದನ್ನು ಪಳಗಿಸುವುದು ಇಂದು ಒಪ್ಪಿತವಾದ ಚಿಕಿತ್ಸೆ. ಕಟ್ಟುವುದೆರಡೂ ಒಂದೇ. ಒಂದರಲ್ಲಿ ಆಟವಿದೆ, ಪೆಟ್ಟಿಲ್ಲ.

ಇನ್ನು ತೀವ್ರತೆಯ ಮಾತು. ದೊಡ್ಡವರ ಲಕ್ವವನ್ನಳೆಯಲು ಸೊನ್ನೆಯಿಂದ 42ರವರೆಗಿನ ಅಂಕಗಳ ಒಂದು ಮಾನದಂಡ 1989ರಲ್ಲಿ ಬಂತು. ಅದನ್ನು ಮಕ್ಕಳಿಗೆ ಹೊಂದಿಸಿದ ರೂಪವನ್ನು 2011ರಲ್ಲಿ ಪರೀಕ್ಷಿಸಿ ನೋಡಿದರು. ಉಪಾಧ್ಯಾಯನಾದ ನನಗೆ ಅದರ ಪ್ರಶ್ನೆಗಳು ಬಲು ಹಿಡಿಸಿದವು. ದೊಡ್ಡವರನ್ನು ಇದು ಯಾವ ತಿಂಗಳು ಎಂದು ಕೇಳುವಲ್ಲಿ ಮಗುವನ್ನು “ಅಮ್ಮ ಎಲ್ಲಿದ್ದಾಳೆ?” ಎಂದು ಕೇಳುತ್ತಾರೆ. ವಯಸ್ಸೆಷ್ಟೆಂದರೆ ಬಾಯಲ್ಲಿ ಹೇಳದೆ ಬೆರಳೆತ್ತಿ ತೋರಿಸಿದರೂ ಪೂರ್ಣ ಅಂಕ. ಅಂಕ ಏರಿದಷ್ಟೂ ಪೆಟ್ಟು ದೊಡ್ಡದು. ಪೆಟ್ಟಾದ ಪ್ರದೇಶದ ವಿಸ್ತಾರ, ಮೆದುಳಿನ ಎರಡು ಪಕ್ಕಗಳಿಗೂ ತಗಲಿದೆಯೇ ಎಂಬುದು, ಜೊತೆಗೆ ಸೆಳವು ಇದೆಯೇ ಎಂಬುದು, ಮತ್ತೆ ಮತ್ತೆ ಮರುಕಳಿಸಿತೇ ಎಂಬುದು ಮುಂದಿನ ಬಾಳನ್ನು ಗೊತ್ತುಮಾಡುತ್ತವೆ. ಬದುಕುಳಿದ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಏನಾದರೊಂದು ಊನ ಉಳಿಯುತ್ತದೆ.

ಇದಕ್ಕೆ ಎದುರಾಗಿ ಒಂದು ಸಮಾಧಾನದ ಮಾತು ಬಹುಕಾಲ ಬಳಕೆಯಲ್ಲಿತ್ತು: ಎಳೆಯ ಮೆದುಳು ಮೇಣದಂತೆ, ಹೇಗೆ ಬೇಕಾದರೂ ಹೊಂದಿಕೊಳ್ಳುತ್ತದೆ ಎಂದು. ಮಾರ್ಗರೆಟ್ ಕೆನಾರ್ಡ್ ಎಂಬಾಕೆ 1930ರ ದಶಕದಲ್ಲಿ ಮರಿ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಈ ನಂಬಿಕೆಗೆ ಬಲ ಬಂತು. ಅದು ಅರೆಸತ್ಯ. ಮಾತಿನ ಕೇಂದ್ರ ಕೆಟ್ಟರೆ ಮಗುವಿನ ಮೆದುಳು ಇನ್ನೊಂದು ಪಕ್ಕದಲ್ಲಿ ಅದಕ್ಕೆ ಎಡೆ ಮಾಡಿಕೊಟ್ಟೀತು. ಆದರೆ ಕಲಿಕೆ, ಗಮನ, ಲೆಕ್ಕ ಮೊದಲಾದ ಇನ್ನೂ ಕಟ್ಟಬೇಕಾದ ಮನೆಗಳಿಗೆ ತಳಪಾಯವೇ ಅಲುಗಿರುತ್ತದೆ. ಒಂದು ವರ್ಷದ ಮಗುವಿಗೆ ಕಳೆದುಕೊಳ್ಳಲು ಮಗ್ಗಿಯೂ ಇಲ್ಲ, ವ್ಯಾಕರಣವೂ ಇಲ್ಲ. ಆದುದರಿಂದ ಏನೂ ಕಳೆದಂತೆ ಕಾಣುವುದಿಲ್ಲ. ಮೂರನೆಯ ತರಗತಿಯಲ್ಲಿ ಓರಗೆಯವರು ಮುಂದೆ ಹೋದಾಗ ಕಾಣುತ್ತದೆ. ಆಗ ಅದು ವೈದ್ಯರ ಕಣ್ಣೆದುರಲ್ಲಿರುವುದಿಲ್ಲ. ನಮ್ಮಂಥ ಉಪಾಧ್ಯಾಯರ ಕಣ್ಣೆದುರಲ್ಲಿರುತ್ತದೆ. ಅದಕ್ಕೆ ನಾವಿಡುವ ಹೆಸರು ದಡ್ಡತನ.

ಹೊತ್ತಿನ ವಿಷಯವನ್ನು ಹೇಳದೆ ಬಿಡುವಂತಿಲ್ಲ. ಕಟ್ಟಿದ ರಕ್ತವನ್ನು ಕರಗಿಸುವ ಮದ್ದನ್ನು ದೊಡ್ಡವರಿಗೆ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಮಕ್ಕಳಲ್ಲಿ ರೋಗ ಇದೇ ಎಂದು ಗೊತ್ತಾಗುವಷ್ಟರಲ್ಲಿ, ದೊಡ್ಡ ದೊಡ್ಡ ಆಸ್ಪತ್ರೆಗಳಿರುವ ದೇಶಗಳಲ್ಲೂ ಅನೇಕ ವೇಳೆ ಒಂದು ದಿನ ಕಳೆದಿರುತ್ತದೆ. ಮೊದಲು ಸೆಳವೆನ್ನುತ್ತಾರೆ, ಅರೆತಲೆನೋವೆನ್ನುತ್ತಾರೆ, ಹಟವೆನ್ನುತ್ತಾರೆ. ಆ ಮದ್ದು ಮಕ್ಕಳಿಗೆ ಆದೀತೇ ಎಂದು ಅಮೆರಿಕದಲ್ಲಿ ಕೈಗೊಂಡ ಪರೀಕ್ಷೆಯನ್ನು ಸಾಕಷ್ಟು ಮಕ್ಕಳು ದೊರೆಯದೆ 2013ರಲ್ಲಿ ಮುಚ್ಚಬೇಕಾಯಿತು. ಒಂದು ಲಾಭ ಮಾತ್ರ ಉಳಿಯಿತು: ಪರೀಕ್ಷೆಗೆಂದು ಸಿದ್ಧವಾದ ಆಸ್ಪತ್ರೆಗಳು, ಮಗುವಿನ ಮುಖ ವಾಲಿದರೆ, ಒಂದು ಕೈ ಸೋತರೆ, ಮಾತು ತೊದಲಿದರೆ, ಥಟ್ಟನೆ ಲಕ್ವವನ್ನು ನೆನೆಯಲು ಕಲಿತವು. ನಾನು ಉಕ್ತಲೇಖನದ ಆ ಹತ್ತು ನಿಮಿಷಗಳಲ್ಲಿ ಮೂರನ್ನೂ ಕಂಡಿದ್ದೆ.

ಹುಡುಗನಿಗೆ ಎರಡು ಸಲ ಶಸ್ತ್ರಚಿಕಿತ್ಸೆಯಾಯಿತು. ನೆತ್ತಿಯ ಚರ್ಮದ ಒಂದು ಅಪಧಮನಿಯನ್ನು ಬಿಡಿಸಿ ಮೆದುಳಿನ ಮೈಮೇಲೆ ಹೊಂದಿಸಿದರು. ತಿಂಗಳುಗಳು ಕಳೆದಂತೆ ಅದರಿಂದ ಹೊಸ ಕವಲುಗಳು ಚಿಗುರಿ ರಕ್ತ ಹರಿಯಿತು. ಮತ್ತೆ ಅವನಿಗೆ ಲಕ್ವ ಹೊಡೆಯಲಿಲ್ಲ. ಕಾಲು ಬಂತು, ಸ್ವಲ್ಪ ಎಳೆಯುತ್ತದೆ. ಮಾತು ಬಂತು; ಬೇಕಾದ ಶಬ್ದ ಕೆಲವೊಮ್ಮೆ ಬಾಗಿಲಲ್ಲೇ ನಿಂತುಬಿಡುತ್ತದೆ. ಬಲಗೈಯ ಬೆರಳುಗಳು ಬರಲೇ ಇಲ್ಲ. ಒಂದು ವರ್ಷ ಕಳೆದು ಶಾಲೆಗೆ ಮರಳಿದವನಿಗೆ ಎಡಗೈಯಲ್ಲಿ ಅಕ್ಷರ ತಿದ್ದಿಸಿದವನು ನಾನು. ಅ ಆ ಇಂದ ಮೊದಲಾಯಿತು. ಅವನ ಮೊದಲ ಸಾಲುಗಳು ಪುಟದ ಮೇಲೆ ಗಾಳಿಗೆ ಬಾಗಿದ ಪೈರಿನಂತೆ ಮಲಗಿದ್ದವು. ನಾಟಕವೆಂದ ದಿನದ ವಿಷಯವನ್ನು ನಾನೇ ಎತ್ತಿ ತಪ್ಪೊಪ್ಪಿಕೊಂಡದ್ದು ಅವನು ಏಳನೆಯ ತರಗತಿ ಮುಗಿಸಿ ಹೊರಟಾಗ. “ನನಗೆ ನೆನಪೇ ಇಲ್ಲ ಸಾರ್” ಎಂದ. ಅದು ರೋಗದಿಂದ ಬಂದ ಮರೆವೋ ಸೌಜನ್ಯವೋ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಈಗ ಅವನಿಗೆ ಐವತ್ತರ ಹತ್ತಿರ. ತಂದೆಯ ಹೋಟೆಲನ್ನು ಅವನೇ ನಡೆಸುತ್ತಿದ್ದಾನೆ, ಒಲೆ ಗ್ಯಾಸಿನದು. ಹೋದ ದೀಪಾವಳಿಯ ಮುಂಚೆ ಆ ಕಡೆ ಹೋದಾಗ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದು, “ಬನ್ನಿ ಸಾರ್, ಕೂತುಕೊಳ್ಳಿ” ಎಂದು ಎದುರಿಗೆ ಕುಳಿತ. ಹುಡುಗನೊಬ್ಬ ಎರಡು ಕಾಫಿ ತಂದಿಟ್ಟ. ಹೊಗೆಯಾಡುವಷ್ಟು ಬಿಸಿ. ನಾನು ಊದಿಕೊಂಡು ಕುಡಿಯತೊಡಗಿದೆ. ಅವನು ಎಡಗೈಯಲ್ಲಿ ಲೋಟವನ್ನೆತ್ತಿ ಕಾಫಿಯನ್ನು ಬಟ್ಟಲಿಗೆ ಸುರಿದ, ಲೋಟ ಕೆಳಗಿಟ್ಟ, ಬಟ್ಟಲನ್ನೆತ್ತಿ ಮತ್ತೆ ಲೋಟಕ್ಕೆ ಸುರಿದ. ಹಾಗೆ ನಾಲ್ಕೈದು ಸಲ, ಒಂದು ಹನಿಯೂ ಚೆಲ್ಲದಂತೆ, ಅದು ಆರುವವರೆಗೆ.